ಹೊತ್ತಿಗೆ ಒದಗುವವರು

ಬೇಸಾಯವನ್ನು ನೆಚ್ಚಿಕೊಂಡ ಕಸುಬುಗಳಲ್ಲಿ ಉಳುವುದೂ ಒಂದು. ಅದರ ಬೆನ್ನಿಗೆ ತಳಿ ತೆಗೆಯುವ ವಿಜ್ಞಾನಿ, ದನದ ಡಾಕ್ಟರು, ಡೇರಿ ಕಾರ್ಯದರ್ಶಿ, ಸೊಸೈಟಿಯಲ್ಲಿ ಲೆಕ್ಕ ಬರೆಯುವವರು, ಪಹಣಿ ನೋಡಿಕೊಳ್ಳುವ ವಿಎ (ಗ್ರಾಮ ಲೆಕ್ಕಿಗ), ಗೊಬ್ಬರದ ಅಂಗಡಿಯವರು, ಮಳೆಮಾಪಕ ರಿಪೇರಿ ಮಾಡುವ ತಂತ್ರಜ್ಞ, ರೇಡಿಯೊದ ಕೃಷಿ ಕಾರ್ಯಕ್ರಮದವರು ಎಲ್ಲರೂ ಇದ್ದಾರೆ. ಕೃಷಿ ಓದಿದರೆ ಸರ್ಕಾರಿ ಅಧಿಕಾರಿ ಆಗಬೇಕು, ತಪ್ಪಿದರೆ ಬ್ಯಾಂಕು ಎಂದು ಲೆಕ್ಕ ಹಾಕುವ ಮನೆಗಳಲ್ಲಿ ಈ ಪಟ್ಟಿಯ ಅರ್ಧದಷ್ಟು ಬಾಯಿಗೇ ಬರುವುದಿಲ್ಲ. ಇವರ ಓದು ಬೇರೆ, ಸಂಬಳ ಬೇರೆ, ಇಲಾಖೆ ಬೇರೆ. ಆದರೆ ಹಳ್ಳಿಯವರು ಇವರನ್ನು ಅಳೆಯುವುದು ಒಂದೇ ಕೋಲಿನಲ್ಲಿ: ಕರೆದ ಹೊತ್ತಿಗೆ ಸಿಕ್ಕಿದರೇ, ಇಲ್ಲವೇ?

ಮೈಸೂರು ಸಂಸ್ಥಾನಕ್ಕೆ ಇದರ ದೊಡ್ಡ ಪಾಠ ಸಿಕ್ಕಿದ್ದು ಅಡಿಕೆ ತೋಟದಲ್ಲಿ. ಮಲೆನಾಡಿನಲ್ಲಿ ಕೊಳೆ, ಕರಾವಳಿಯಲ್ಲಿ ಮಹಾಳಿ ಎಂದು ಕರೆಯುವ ರೋಗ ಮಳೆಗಾಲದಲ್ಲಿ ಎಳೆಗಾಯಿಯನ್ನು ಕೊಳೆಸಿ ಉದುರಿಸುತ್ತದೆ. ತೋಟಿಗರು ಗೊನೆಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದಂತೆ ಕಾಯುತ್ತಿದ್ದರು. ಅದು ಕೈಹಿಡಿಯುತ್ತಿದ್ದದ್ದು ನಿಜ, ಆದರೆ ಖರ್ಚೂ ಹೆಚ್ಚು, ಅಪಾಯವೂ ಹೆಚ್ಚು. 1908ರಲ್ಲಿ ಸಂಸ್ಥಾನ ಕೆನಡಾದ ಲೆಸ್ಲಿ ಕೋಲ್ಮನ್ ಎಂಬ ತರುಣ ವಿಜ್ಞಾನಿಯನ್ನು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ ನೇಮಿಸಿಕೊಂಡಿತು. ಕೋಲ್ಮನ್ ತೋಟ ತಿರುಗಿ ರೋಗದ ಮೂಲವನ್ನು ಹಿಡಿದರು. ಫ್ರಾನ್ಸಿನ ದ್ರಾಕ್ಷಿ ಬೆಳೆಗಾರರು ಬಳಸುತ್ತಿದ್ದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಹೊಡೆಸಿದರು. 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾಗಿ 1934ರವರೆಗೂ ಇದ್ದರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಇವೆಲ್ಲದರ ಹಿಂದೆ ಆ ಮನುಷ್ಯನ ಓಡಾಟವಿದೆ.

ನೂರು ವರ್ಷ ದಾಟಿದರೂ ಕೊಳೆಗೆ ಮುಖ್ಯ ಮದ್ದು ಬೋರ್ಡೋ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ತಿರುವಬೇಕು. ಹದ ಬಂದಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಒಂದು ನಿಮಿಷ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತಿದ್ದರೆ ಇನ್ನಷ್ಟು ಸುಣ್ಣ ಬೇಕು ಎಂದು ಅರ್ಥ. ಪ್ರಯೋಗಾಲಯದ ಪರೀಕ್ಷೆ ತೋಟದ ಮನೆಯ ಚಾಕುವಿಗೆ ಇಳಿದ ಬಗೆ ಇದು. ಆದರೆ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನವೇ ಆಗಬೇಕು, ಎರಡನೆಯದು ನಲವತ್ತು ನಲವತ್ತೈದು ದಿನದ ಮೇಲೆ. ಆ ಕೆಲವೇ ದಿನಗಳಲ್ಲಿ ಊರಿನ ತೋಟಗಳಿಗೆಲ್ಲ ಮರ ಹತ್ತುವವನೇ ಬೇಕು. ಕೋಲ್ಮನ್ನರ ಶಾಸ್ತ್ರ ಕೊನೆಗೂ ನಿಂತಿರುವುದು ಒಂದು ಮರದಿಂದ ಇನ್ನೊಂದಕ್ಕೆ ನೆಲ ಮುಟ್ಟದೆ ದಾಟುವ ಕೊನೆಗಾರನ ತೊಡೆಬಲದ ಮೇಲೆ. ಆ ಕಸುಬಿಗೆ ಬರುವವರು ಕಡಿಮೆಯಾಗಿ, ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಮರ ಹತ್ತುವುದನ್ನೇ ಕಲಿಸುವ ಶಿಬಿರ ನಡೆಸುವ ಕಾಲ ಬಂತು. ಹಗುರ ದೋಟಿಯಲ್ಲಿ ನೆಲದಲ್ಲೇ ನಿಂತು ಔಷಧಿ ಹೊಡೆಯುವ ಯುವಕರೂ ಈಗ ಕಾಣುತ್ತಾರೆ. ಇದನ್ನು ಕೂಲಿ ಎನ್ನದೆ ವೃತ್ತಿ ಎನ್ನುವುದೇ ಸರಿ.

ತಳಿ ವಿಜ್ಞಾನಿಯ ಗಡಿಯಾರ ಗಂಟೆಗಳದ್ದಲ್ಲ, ವರ್ಷಗಳದ್ದು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಸಿ.ಎಚ್. ಲಕ್ಷ್ಮಣಯ್ಯನವರನ್ನು ಜನ ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ರಾಗಿಯ ಹೂವು ಬಲು ಸಣ್ಣದು. ಅರಳುವುದು ಬೆಳಗಿನ ಜಾವ, ಪರಾಗಸ್ಪರ್ಶ ತನ್ನಲ್ಲೇ ಮುಗಿಸಿಕೊಳ್ಳುತ್ತದೆ. ಇಂಥದ್ದನ್ನು ಇನ್ನೊಂದಕ್ಕೆ ಬೆರೆಸುವುದೆಂದರೆ ಕಣ್ಣು, ಕೈ, ತಾಳ್ಮೆ ಮೂರೂ ಬೇಕು. ಲಕ್ಷ್ಮಣಯ್ಯ ಇಲ್ಲಿನ ರಾಗಿಗೆ ಆಫ್ರಿಕಾದ ರಾಗಿಯನ್ನು ಬೆರೆಸಿ ಇಂಡಾಫ್ ತಳಿಗಳನ್ನು ತೆಗೆದರು. ಇಂಡಿಯಾದ ಇಂಡ್, ಆಫ್ರಿಕಾದ ಆಫ್ ಸೇರಿ ಆದ ಹೆಸರು ಅದು. ಎಪ್ಪತ್ತರ ದಶಕದ ಮೇಲೆ ಹಳೆ ಮೈಸೂರಿನ ಮಳೆಯಾಶ್ರಿತ ಹೊಲಗಳ ಕಣ ತುಂಬಿಸಿದ್ದು ಈ ತಳಿಗಳು. ಭತ್ತ ಗೋಧಿಯ ಹಸಿರು ಕ್ರಾಂತಿಗೆ ಸಿಕ್ಕ ಹೊಗಳಿಕೆಯ ಕಾಲುಭಾಗವೂ ಇದಕ್ಕೆ ಸಿಗಲಿಲ್ಲ. ಮುದ್ದೆ ಉಣ್ಣುವವರಿಗೆ ಆ ಹೆಸರು ಗೊತ್ತಿಲ್ಲದಿರುವುದು ಮುದ್ದೆಯ ತಪ್ಪಲ್ಲ, ಪಠ್ಯಪುಸ್ತಕದ್ದು.

ತೋಟಗಾರಿಕೆಯಲ್ಲಿ ಡಾ. ಎಂ.ಎಚ್. ಮರಿಗೌಡರದು ಅಂಥದೇ ಕೆಲಸ. ಲಾಲ್‌ಬಾಗಿನ ಹೂಗಿಡಗಳನ್ನು ನೋಡಿಕೊಳ್ಳುವುದಕ್ಕಷ್ಟೇ ನಿಲ್ಲದೆ, ಊರೂರಿಗೆ ಸಸಿ ಒದಗಿಸುವ ತೋಟಗಾರಿಕೆ ಕ್ಷೇತ್ರಗಳನ್ನು ಎಬ್ಬಿಸಿದರು. ಅವರ ಮುತುವರ್ಜಿಯಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ 1959ರಲ್ಲಿ ಶುರುವಾದದ್ದೇ ಇಂದಿನ ಹಾಪ್‌ಕಾಮ್ಸ್.

ಗಡಿಯಾರದ ಮುಳ್ಳು ಹೆಚ್ಚು ಚುಚ್ಚುವುದು ದನದ ಕೊಟ್ಟಿಗೆಯಲ್ಲಿ. ಹಸು ಬೆಳಿಗ್ಗೆ ಬೆದೆಗೆ ಬಂದರೆ ಸಂಜೆ, ಸಂಜೆ ಬಂದರೆ ಮರುದಿನ ಬೆಳಿಗ್ಗೆ ವೀರ್ಯ ಹಾಕಿಸಬೇಕು. ಆ ಹೊತ್ತು ತಪ್ಪಿದರೆ ಮುಂದಿನ ಬೆದೆಗೆ ಮೂರು ವಾರ. ಅಷ್ಟು ದಿನದ ಮೇವು, ಹಿಂಡಿ ಹೊರೆಯೇ. ಡೇರಿಯ ಕೃತಕ ಗರ್ಭಧಾರಣೆ ಕಾರ್ಯಕರ್ತ ಬೈಕಿನ ಹಿಂದೆ ಕಟ್ಟಿಕೊಂಡು ಬರುವ ಕ್ಯಾನಿನಲ್ಲಿ ದ್ರವ ಸಾರಜನಕ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ತಂಪು. ಕ್ಯಾನಿನ ಕತ್ತಿನಿಂದ ಬಿಳಿ ಹಬೆ ಏಳುತ್ತಿರುವಾಗಲೇ ಇಕ್ಕಳದಲ್ಲಿ ಹುಲ್ಲುಕಡ್ಡಿಯಷ್ಟು ಸಣ್ಣ ನಳಿಕೆಯನ್ನು ಎತ್ತಿ, ಉಗುರುಬೆಚ್ಚಗಿನ ನೀರಿಗೆ ಅರ್ಧ ನಿಮಿಷ ಹಾಕಿ, ಒರೆಸಿ, ತುದಿ ಕತ್ತರಿಸಿ ಗನ್ನಿಗೆ ಏರಿಸುತ್ತಾನೆ. ನೀರು ತುಸು ಹೆಚ್ಚು ಬಿಸಿಯಾದರೂ ಕೆಲಸ ಕೆಟ್ಟಿತು. ಹೆಸರಘಟ್ಟದ ಕೇಂದ್ರದಲ್ಲಿ ಹೋರಿ ಸಾಕುವ ತಜ್ಞರಿಂದ ಹಿಡಿದು ಈ ನಳಿಕೆಯವರೆಗೆ ಹತ್ತಾರು ಕೈ ದಾಟಿ ಬಂದ ವಿಜ್ಞಾನ, ಕಡೆಗೆ ಒಂದು ಲೋಟ ನೀರಿನ ಬಿಸಿಯ ಮೇಲೆ ನಿಂತಿರುತ್ತದೆ. ಹಸು ಗಬ್ಬ ನಿಂತರೆ ಒಂಬತ್ತು ತಿಂಗಳು ಕಳೆದು ಆ ಮನೆಗೆ ಹಾಲಿನ ಬಟವಾಡೆ.

ಕರು ಹಾಕಿದ ಒಂದೆರಡು ದಿನದಲ್ಲಿ ಹೆಚ್ಚು ಹಾಲಿನ ಹಸು ಇದ್ದಕ್ಕಿದ್ದಂತೆ ಕುಸಿಯುವುದುಂಟು. ಕಿವಿ ತಣ್ಣಗೆ, ಕತ್ತು ಪಕ್ಕೆಗೆ ತಿರುಗಿ, ಎಬ್ಬಿಸಿದರೂ ಏಳದು. ಹಾಲುಜ್ವರ ಎಂದು ಹೆಸರಿದ್ದರೂ ಇದರಲ್ಲಿ ಜ್ವರ ಇರುವುದಿಲ್ಲ. ಹಾಲಿಗೆ ಇಳಿದ ಸುಣ್ಣದ ಅಂಶ ರಕ್ತದಲ್ಲಿ ಕಡಿಮೆಯಾಗಿರುತ್ತದೆ. ಪಶುವೈದ್ಯರು ಕ್ಯಾಲ್ಸಿಯಂ ಬಾಟಲಿಯನ್ನು ರಕ್ತನಾಳಕ್ಕೆ ಹನಿಹನಿಯಾಗಿ, ಎದೆಬಡಿತದ ಮೇಲೆ ಕಣ್ಣಿಟ್ಟು ಏರಿಸುತ್ತಾರೆ. ಅವಸರಪಟ್ಟರೆ ಹೃದಯ ನಿಲ್ಲುತ್ತದೆ, ತಡ ಮಾಡಿದರೆ ಹಸು ಉಳಿಯುವುದಿಲ್ಲ. ಎಲ್ಲ ಸರಿಹೋದರೆ ಸತ್ತೇ ಹೋಯಿತು ಎಂದು ಮನೆಯವರು ಅತ್ತ ಹಸು ಸ್ವಲ್ಪ ಹೊತ್ತಿಗೆ ಎದ್ದು ನಿಂತು ಸಗಣಿ ಹಾಕುತ್ತದೆ. ಹಳ್ಳಿಯಲ್ಲಿ ಡಾಕ್ಟರ ಮೇಲಿನ ನಂಬಿಕೆ ಹುಟ್ಟುವುದು ಇಂಥ ರಾತ್ರಿಗಳಲ್ಲಿ. ಇದೇ ವೃತ್ತಿಯವರು ಲಸಿಕೆಯ ಪೆಟ್ಟಿಗೆ ಹೊತ್ತು ಊರೂರು ಅಲೆದಿದ್ದರಿಂದ, ಹಿಂದೆ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿದ್ದ ದೊಡ್ಡರೋಗ (ರಿಂಡರ್‌ಪೆಸ್ಟ್) ಭೂಮಿಯಿಂದಲೇ ತೊಲಗಿದೆ ಎಂದು 2011ರಲ್ಲಿ ಘೋಷಿಸಲು ಸಾಧ್ಯವಾಯಿತು. ಮನುಷ್ಯರ ಸಿಡುಬು ಬಿಟ್ಟರೆ ಹೀಗೆ ಪೂರ್ತಿ ಅಳಿಸಿಹಾಕಿದ ರೋಗ ಇನ್ನೊಂದಿಲ್ಲ.

ಇನ್ನು ಸಲಹೆ ಕೊಡುವವರು. 1952ರಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಬಂದಾಗ ಗ್ರಾಮಸೇವಕ ಎಂಬ ಹುದ್ದೆ ಹುಟ್ಟಿತು. ಸೈಕಲ್ಲಿನ ಮೇಲೆ ಬೀಜ, ಗೊಬ್ಬರದ ಮಾತು ಹೊತ್ತು ತಿರುಗಿದ ಆ ಗ್ರಾಮಸೇವಕರ ಜಾಗದಲ್ಲಿ ಈಗ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ಆದರೆ ಹೆಸರಿನಲ್ಲಿರುವ ಸಂಪರ್ಕ ಬಹಳ ಕಡೆ ಬೀಜದ ಚೀಟಿ, ಟಾರ್ಪಾಲು, ರೈತರ ನೋಂದಣಿಯ ಫ್ರೂಟ್ಸ್ ಐಡಿ, ಸಹಾಯಧನದ ಅರ್ಜಿಗಳಲ್ಲೇ ಮುಗಿಯುತ್ತದೆ. ನಾಲ್ಕು ವರ್ಷ ಸಸ್ಯರೋಗ, ಮಣ್ಣು, ಕೀಟ ಓದಿ ಬಂದ ಕೃಷಿ ಅಧಿಕಾರಿ ಮೇಜಿನ ಹಿಂದೆ ಕೂತು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಓದಿಗೂ ಊರಿಗೂ ನಷ್ಟ. ರೈತ ಬಾಡಿದ ಎಲೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗುವುದು ಗೊಬ್ಬರದ ಅಂಗಡಿಗೆ. ಅಂಗಡಿಯವರು ಕವರನ್ನು ಬೆಳಕಿಗೆ ಹಿಡಿದು ನೋಡಿ, ಹಿಂದಿನ ಕಪಾಟಿನಿಂದ ಬಾಟಲಿ ತೆಗೆದು ಕೊಡುತ್ತಾರೆ. ಸಲಹೆ ಪುಕ್ಕಟೆ, ಔಷಧಿ ಸಾಲ, ತೀರುವುದು ಕಟಾವಿನ ಮೇಲೆ. ಈ ವಾಸ್ತವವನ್ನು ಒಪ್ಪಿಕೊಂಡೇ ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಅಂಗಡಿಯವರಿಗಾಗಿ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ಒಳ್ಳೆಯ ಕೆಲಸ. ಆದರೂ ಮಾರುವವರೇ ರೋಗ ಹೇಳುವ ಪದ್ಧತಿ ಮನುಷ್ಯರ ಆಸ್ಪತ್ರೆಯಲ್ಲಿ ಒಪ್ಪತಕ್ಕದ್ದಲ್ಲ ಎಂದಮೇಲೆ ಹೊಲದಲ್ಲಿ ಹೇಗೆ ಒಪ್ಪಿತ?

ಮಣ್ಣು ಪರೀಕ್ಷೆಯ ಕತೆಯೂ ಮುಟ್ಟಿಸುವ ಕೈಗಳದ್ದೇ. ಹೊಲದ ಎಂಟು ಹತ್ತು ಕಡೆ ಅರ್ಧ ಅಡಿ ಆಳದ ಗುಂಡಿ ತೋಡಿ, ಪಕ್ಕದ ಮಣ್ಣು ಕೆರೆದು, ಬೆರೆಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಬಿಟ್ಟು, ಹಾಗೆಯೇ ಅರ್ಧ ಕಿಲೋಗೆ ಇಳಿಸಬೇಕು. ಬದುವಿನ ಮಣ್ಣು, ತಿಪ್ಪೆಯ ಪಕ್ಕದ ಮಣ್ಣು ಸೇರಿದರೆ ಪ್ರಯೋಗಾಲಯ ಎಷ್ಟೇ ಚೆನ್ನಾಗಿದ್ದರೂ ಫಲವಿಲ್ಲ. 2009ರ ಭೂಚೇತನ ಯೋಜನೆಯಲ್ಲಿ ಇಕ್ರಿಸ್ಯಾಟ್ ವಿಜ್ಞಾನಿಗಳು ರಾಜ್ಯದ ಒಣಭೂಮಿಯಲ್ಲಿ ಗಂಧಕ, ಸತು, ಬೋರಾನ್ ಕೊರತೆ ಇದೆಯೆಂದು ತೋರಿಸಿಕೊಟ್ಟರು. ಅದನ್ನು ಹೊಲಕ್ಕೆ ಮುಟ್ಟಿಸಿದವರು ಆಯಾ ಊರಿನವರೇ ಆದ ರೈತ ಅನುವುಗಾರರು, ಅದೂ ಗೌರವಧನದ ಮೇಲೆ.

ಕಂದಾಯದ ಕೆಲಸವನ್ನು ಯಾರೂ ಕೃಷಿ ವೃತ್ತಿ ಎಂದು ಕರೆಯುವುದಿಲ್ಲ. ಆದರೆ ಪಹಣಿ ಇಲ್ಲದೆ ಸಾಲವಿಲ್ಲ, ವಿಮೆ ಇಲ್ಲ, ಪರಿಹಾರವೂ ಇಲ್ಲ. ಹೊಸ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಶಾನುಭೋಗರ ಕಾಲ ಎಂದೋ ಮುಗಿದಿದೆ. ವಿಎ ಕೂಡ ಈಗ ಗ್ರಾಮ ಆಡಳಿತ ಅಧಿಕಾರಿ. ನೆರೆ ಇಳಿದ ಮರುದಿನ ಕೆಸರಿನಲ್ಲಿ ನಿಂತು ಬೆಳೆಹಾನಿಯ ಫೋಟೊ ತೆಗೆದು ಏರಿಸಬೇಕಾದವರು ಅವರೇ. ಒಂದು ಮೊಬೈಲಿನಲ್ಲಿ ಹತ್ತಾರು ಆಪ್‌ಗಳ ಕೆಲಸ ಹೇರಿದ್ದರ ವಿರುದ್ಧ ಅವರು 2024ರ ಸೆಪ್ಟೆಂಬರಿನಲ್ಲಿ ಮುಷ್ಕರ ಹೂಡಿದರು. ಆ ದೂರಿನಲ್ಲಿ ಹುರುಳಿತ್ತು. ಮಳೆಯ ಲೆಕ್ಕವನ್ನೂ ಯಾರೂ ಕೃಷಿ ವೃತ್ತಿ ಎನ್ನುವುದಿಲ್ಲ. 1988ರಲ್ಲಿ ಬರದ ಮೇಲೆ ಕಣ್ಣಿಡಲು ಶುರುವಾದ ಘಟಕ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ, ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ಕಾಲುಗಂಟೆಗೊಮ್ಮೆ ಲೆಕ್ಕ ತರಿಸುತ್ತದೆ. ಅಡಿಕೆ, ಮೆಣಸಿನ ಹವಾಮಾನ ವಿಮೆಯ ಹಣ ತೀರ್ಮಾನವಾಗುವುದು ಈ ಅಂಕಿಗಳ ಮೇಲೆ. ಮಾಪಕದ ಬಾಯಿಗೆ ಕಸ ಕಟ್ಟಿ ಅದನ್ನು ತೆಗೆಯುವ ತಂತ್ರಜ್ಞ ಬಾರದಿದ್ದರೆ, ಊರಿಗೆಲ್ಲ ಸುರಿದ ಮಳೆ ಕಾಗದದಲ್ಲಿ ಸುರಿದಿರುವುದಿಲ್ಲ.

ಸಾಲದ ಮಾತಿಗೆ ಬಂದರೆ ಗದಗ ಬಳಿಯ ಕಣಗಿನಹಾಳವನ್ನು ನೆನೆಯಬೇಕು. ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಅಲ್ಲಿ ಕಟ್ಟಿದ ಸಹಕಾರ ಸಂಘ ದೇಶದ ಮೊದಮೊದಲ ಸಂಘಗಳಲ್ಲಿ ಒಂದು. ಇಂದಿಗೂ ಊರಿನ ಸೊಸೈಟಿ ನಿಲ್ಲುವುದು ಅಥವಾ ಮುಳುಗುವುದು ಕಾರ್ಯದರ್ಶಿಯ ಪ್ರಾಮಾಣಿಕತೆಯಿಂದ. ಡೇರಿಯಲ್ಲೂ ಅಷ್ಟೇ: ಬೆಳಗಿನ ಜಾವಕ್ಕೇ ಬಾಗಿಲು ತೆರೆದು, ಕ್ಯಾನು ಕ್ಯಾನಿನ ಹಾಲಿನ ಫ್ಯಾಟು ನೋಡಿ ಬರೆದಿಡುವವರು ಸರ್ಕಾರಿ ನೌಕರರಲ್ಲ, ಸಂಘದ ಸಂಬಳದವರು.

ಈ ಬಗೆಬಗೆಯ ಕೆಲಸಗಳನ್ನು ಒಂದೇ ಕಡೆ ಕಾಣುವ ಅವಕಾಶ ಕೃಷಿ ಪದವಿಯ ಕೊನೆಯ ವರ್ಷದಲ್ಲಿದೆ. ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆಂದು ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲೇ ಇರುತ್ತಾರೆ. ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ ಕೆರೆ, ಬಾವಿ, ಗುಂಡುತೋಪು ಗುರುತಿಸುವಾಗ, ಹಿರಿಯರೊಬ್ಬರು ಬಂದು ಹಳ್ಳವನ್ನು ಕಾಲಿನಿಂದ ಒರೆಸಿ ಸರಿಯಾದ ಜಾಗಕ್ಕೆ ಎಳೆಯುವುದು ಮಾಮೂಲು. ತರಗತಿಯಲ್ಲಿ ಸಿಗದ ಪಾಠ ಅದು. ರೈತರೇ ಬರೆಯಬೇಕು ಎಂದು 1988ರಲ್ಲಿ ಪುತ್ತೂರಿನಿಂದ ಹೊರಟ ಅಡಿಕೆ ಪತ್ರಿಕೆ, ಮತ್ತು ಕೃಷಿ ಪತ್ರಕರ್ತ ಶ್ರೀ ಪಡ್ರೆಯವರ ಬರಹ, ಕಲಿಕೆ ಈ ದಿಕ್ಕಿನಿಂದಲೂ ಬರುತ್ತದೆ ಎಂಬುದನ್ನು ಎತ್ತಿ ತೋರಿದವು.

ಜ್ಞಾನಕ್ಕೆ ರಾಜ್ಯದಲ್ಲಿ ಬರವಿಲ್ಲ. ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕೆಯದು, ಬೀದರಿನಲ್ಲಿ ಪಶುವೈದ್ಯಕೀಯದ್ದು ಇವೆ. ಕೊರತೆ ಇರುವುದು ಆ ಜ್ಞಾನವನ್ನು ಹೊತ್ತಿಗೆ ಸರಿಯಾಗಿ ಕೊಟ್ಟಿಗೆಗೂ ತೋಟಕ್ಕೂ ಮುಟ್ಟಿಸುವ ಕೈಗಳಲ್ಲಿ. ಕೃಷಿ, ಪಶುಸಂಗೋಪನೆ, ಕಂದಾಯ ಇಲಾಖೆಗಳ ಖಾಲಿ ಹುದ್ದೆಯ ಪ್ರಶ್ನೆ ಸದನದಲ್ಲಿ ಮತ್ತೆ ಮತ್ತೆ ಏಳುತ್ತದೆ, ಉತ್ತರವೂ ಬರುತ್ತದೆ. ಹುದ್ದೆ ತುಂಬುವುದಿದ್ದರೆ, ಗೌರವಧನದವರಿಗೆ ಬಾಕಿ ಕೊಡುವುದಿದ್ದರೆ ಅದು ಮೇ ಮುಗಿಯುವುದರೊಳಗೆ ಆಗಲಿ. ಶ್ರಾವಣದಲ್ಲಿ ಕೈಗೆ ಬರುವ ನೇಮಕಾತಿ ಆದೇಶ ಆ ವರ್ಷದ ಕೊಳೆಯನ್ನು ತಡೆಯದು.