ಲಿನಿ ಬದುಕಿದ್ದಾಗಲೇ ಸಿಗಬೇಕಿದ್ದದ್ದು

ಮೇ 12 ಬಂತೆಂದರೆ ನರ್ಸಿಂಗ್ ಕಾಲೇಜುಗಳಲ್ಲಿ ದೀಪ ಹಚ್ಚಿ ಪ್ರತಿಜ್ಞೆ ಮಾಡಿಸುತ್ತಾರೆ. ಅದು ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಒಂಬತ್ತು ದಿನ ಕಳೆದರೆ ಮೇ 21. ಕೇರಳದ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯ ನರ್ಸ್ ಲಿನಿ ಪುತ್ತುಶ್ಶೇರಿ 2018ರಲ್ಲಿ ನಿಪಾ ವೈರಸ್‌ಗೆ ಬಲಿಯಾದ ದಿನ. ನರ್ಸುಗಳ ತ್ಯಾಗವನ್ನು ಕೊಂಡಾಡುವವರೆಲ್ಲ ಈ ಎರಡನೆಯ ತಾರೀಕನ್ನೂ ನೆನಪಿಟ್ಟುಕೊಳ್ಳಬೇಕು. ನರ್ಸುಗಳಿಗೆ ಸಲ್ಲಬೇಕಾದ ಬಾಕಿ ಎಷ್ಟಿದೆ ಎಂಬುದನ್ನು ಹೇಳುವುದು ಆ ದಿನವೇ.

ಆ ತಿಂಗಳ ಆರಂಭದಲ್ಲಿ ಜ್ವರವೆಂದು ಬಂದ ಯುವಕನೊಬ್ಬ ಪೇರಾಂಬ್ರ ಆಸ್ಪತ್ರೆಗೆ ದಾಖಲಾಗಿದ್ದ. ಅವನಿಗೆ ಬಂದಿರುವುದು ಎಂಥ ಕಾಯಿಲೆ ಎಂದು ಯಾರಿಗೂ ಗೊತ್ತಿರಲಿಲ್ಲ. ರಾತ್ರಿ ಪಾಳಿಯಲ್ಲಿ ಅವನ ಆರೈಕೆ ಮಾಡಿದವರು ಲಿನಿ. ಇಂಥ ರೋಗಿಯ ಪಕ್ಕದಲ್ಲಿ ಡಾಕ್ಟರು ರೌಂಡ್ಸ್ ವೇಳೆ ಕೆಲವು ನಿಮಿಷ ನಿಲ್ಲುತ್ತಾರೆ. ನರ್ಸ್ ಹಾಗಲ್ಲ, ಜ್ವರ ನೋಡುವುದು, ಡ್ರಿಪ್ ಹಾಕುವುದು, ಕೆಮ್ಮು ಬಂದಾಗ ಎಬ್ಬಿಸಿ ಕೂರಿಸುವುದು, ವಾಂತಿಯಾದರೆ ಬಾಯಿ ಒರೆಸುವುದು ಎಲ್ಲವೂ ಅವರ ಪಾಲಿಗೇ. ನಿಪಾ ಹರಡುವುದೂ ಹೀಗೆಯೇ: ಹಣ್ಣು ತಿನ್ನುವ ಬಾವಲಿಯಿಂದ ಮನುಷ್ಯನಿಗೆ ಬಂದ ವೈರಸ್, ರೋಗಿಯ ಕೆಮ್ಮಿನ ಹನಿಯಿಂದ, ಎಂಜಲಿನಿಂದ, ಮೈಯ ದ್ರವಗಳಿಂದ ತೀರಾ ಹತ್ತಿರ ಇದ್ದವರಿಗೆ ಅಂಟುತ್ತದೆ.

ಆ ಯುವಕ ಕೋಯಿಕ್ಕೋಡ್ ಮೆಡಿಕಲ್ ಕಾಲೇಜಿನಲ್ಲಿ ಮೇ 5ರಂದು ತೀರಿಕೊಂಡ. ಕೆಲವೇ ದಿನಗಳಲ್ಲಿ ಅವನ ಅಣ್ಣನಿಗೂ ಅದೇ ಲಕ್ಷಣಗಳು ಕಾಣಿಸಿಕೊಂಡವು. ಆಗ ಅಣ್ಣನಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಗೆ ಅನುಮಾನ ಬಂದು ಮಾದರಿಗಳನ್ನು ಕಳಿಸಿದ್ದು ನಮ್ಮ ಮಣಿಪಾಲಕ್ಕೆ. ಅಲ್ಲಿನ ವೈರಾಣು ಸಂಶೋಧನಾ ಕೇಂದ್ರ ಇದು ನಿಪಾ ಎಂದು ಪತ್ತೆ ಹಚ್ಚಿತು, ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ರೋಗದ ಹೆಸರು ತಿಳಿಯುವ ಹೊತ್ತಿಗೆ ಲಿನಿ ಹಾಸಿಗೆ ಹಿಡಿದಾಗಿತ್ತು.

ಲಿನಿಯ ಗಂಡ ಸಜೀಶ್ ಬಹರೈನ್‌ನಲ್ಲಿ ಕೆಲಸದಲ್ಲಿದ್ದರು. ಐದು ಮತ್ತು ಎರಡು ವರ್ಷದ ಗಂಡುಮಕ್ಕಳಿಬ್ಬರು ಊರಲ್ಲಿದ್ದರು. ಹಗಲು ಮನೆ, ರಾತ್ರಿ ವಾರ್ಡು ಎಂದು ಎರಡನ್ನೂ ಒಬ್ಬರೇ ತೂಗಿಸುವ ಸಾವಿರಾರು ನರ್ಸುಗಳ ಬದುಕೇ ಅವರದೂ. ಐಸೊಲೇಶನ್ ವಾರ್ಡಿನಿಂದ ಗಂಡನಿಗೆ ಬರೆದ ಕೊನೆಯ ಚೀಟಿ ‘ಸಜೀಶೇಟ್ಟಾ’ ಎಂದೇ ಶುರುವಾಗುತ್ತದೆ. ಇನ್ನು ನಿಮ್ಮನ್ನು ನೋಡಲಾಗುವುದಿಲ್ಲವೇನೋ, ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳಿ, ಅವರನ್ನು ಗಲ್ಫಿಗೆ ಕರೆದುಕೊಂಡು ಹೋಗಿ ಎಂಬುದಷ್ಟೇ ಅದರ ಸಾರ. ಆ ಕೆಲವೇ ಸಾಲುಗಳಲ್ಲಿ ತನ್ನ ಸೇವೆಯ ಬಗ್ಗೆ ಒಂದು ಮಾತೂ ಇಲ್ಲ. ಸೋಂಕಿನ ಭಯದಿಂದ ದೇಹವನ್ನು ಮನೆಗೆ ಒಯ್ಯಲಾಗಲಿಲ್ಲ, ಕೋಯಿಕ್ಕೋಡ್‌ನಲ್ಲೇ ಅಂತ್ಯಸಂಸ್ಕಾರವಾಯಿತು.

ಆ ಸಲ ಪ್ರಯೋಗಾಲಯದಲ್ಲಿ ಖಚಿತವಾದ 18 ರೋಗಿಗಳ ಪೈಕಿ ಬದುಕಿ ಮನೆಗೆ ಹೋದವರು ಇಬ್ಬರೇ. ಅವರಲ್ಲೊಬ್ಬಳು ನರ್ಸಿಂಗ್ ವಿದ್ಯಾರ್ಥಿನಿ. ಹೆಚ್ಚಿನವರಿಗೆ ಸೋಂಕು ತಗುಲಿದ್ದು ಆಸ್ಪತ್ರೆಗಳಲ್ಲೇ ಎಂದು ಆಮೇಲಿನ ಅಧ್ಯಯನ ತೋರಿಸಿತು.

ಆ ದಿನಗಳಲ್ಲಿ ಪೇರಾಂಬ್ರ ಆಸ್ಪತ್ರೆಯ ಉಳಿದ ನರ್ಸುಗಳ ಪಾಡು ಏನಾಯಿತು? ಬಸ್ಸಿನಲ್ಲಿ ಪಕ್ಕದ ಸೀಟಿನವರು ಎದ್ದು ಹೋಗುತ್ತಿದ್ದರು. ಆಟೊದವರು ಹತ್ತಿಸಿಕೊಳ್ಳುತ್ತಿರಲಿಲ್ಲ. ಊರಿಗಾಗಿ ರಾತ್ರಿ ನಿದ್ದೆಗೆಟ್ಟವರನ್ನು ಊರೇ ದೂರ ಇಟ್ಟಿತು. ಎರಡು ವರ್ಷದ ನಂತರ ಕೊರೊನಾ ಕಾಲದಲ್ಲಿ ದೇಶದ ಹಲವೆಡೆ ನರ್ಸುಗಳಿಗೆ ಬಾಡಿಗೆ ಮನೆ ಖಾಲಿ ಮಾಡಿ ಎಂದವರೂ ಇದ್ದರು. ಸಂಜೆ ಬಾಲ್ಕನಿಯಲ್ಲಿ ಚಪ್ಪಾಳೆ ತಟ್ಟಿದ ಕಾಲವೂ ಅದೇ ಎಂಬುದನ್ನು ಮರೆಯಲು ಸಾಧ್ಯವಿಲ್ಲ.

ಸೇವೆ ಮಾಡಿದವರನ್ನೇ ದೂರ ಇಡುವುದು ನಮ್ಮಲ್ಲಿ ಮಾತ್ರ ಇರುವ ರೋಗವಲ್ಲ. ಲಿನಿ ತೀರಿಕೊಂಡ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಜಿಮ್ ಕ್ಯಾಂಪ್‌ಬೆಲ್ ಆಕೆಯನ್ನು ಇನ್ನಿಬ್ಬರ ಜತೆ ಸ್ಮರಿಸಿದ್ದರು. ಒಬ್ಬರು ಗಾಜಾದ ಆರೋಗ್ಯ ಕಾರ್ಯಕರ್ತೆ ರಜಾನ್ ಅಲ್ ನಜ್ಜಾರ್, ಇನ್ನೊಬ್ಬರು ಲೈಬೀರಿಯಾದ ಸಲೋಮಿ ಕಾರ್ವಾ. ಎಬೋಲಾದಲ್ಲಿ ತಂದೆತಾಯಿಯನ್ನು ಕಳೆದುಕೊಂಡು, ತಾನೂ ಸೋಂಕಿಗೆ ತುತ್ತಾಗಿ ಗುಣವಾದ ಸಲೋಮಿ, ಮತ್ತೆ ಎಬೋಲಾ ವಾರ್ಡಿಗೇ ಹೋಗಿ ರೋಗಿಗಳ ಸೇವೆ ಮಾಡಿದರು. 2014ರಲ್ಲಿ ಟೈಮ್ ಪತ್ರಿಕೆ ಅವರನ್ನು ಮುಖಪುಟದಲ್ಲಿ ಗೌರವಿಸಿತು. 2017ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಎಬೋಲಾ ಬಂದಿದ್ದವಳೆಂದು ಆಸ್ಪತ್ರೆಯವರು ಮುಟ್ಟಲು ಹಿಂಜರಿದರು ಎಂದು ಕುಟುಂಬದವರು ಹೇಳಿದರು. ಮುಖಪುಟದ ಮನ್ನಣೆ ಆಸ್ಪತ್ರೆಯ ಬಾಗಿಲಲ್ಲಿ ಉಪಯೋಗಕ್ಕೆ ಬರಲಿಲ್ಲ.

ಕೇರಳ ಸರ್ಕಾರ ಲಿನಿಯ ಮಕ್ಕಳಿಗೆ ತಲಾ 10 ಲಕ್ಷ ರೂಪಾಯಿ ಕೊಟ್ಟಿತು, ಗಂಡನಿಗೆ ಆರೋಗ್ಯ ಇಲಾಖೆಯಲ್ಲಿ ಗುಮಾಸ್ತೆಯ ನೌಕರಿ ಕೊಟ್ಟಿತು. ಅದು ಮೆಚ್ಚಬೇಕಾದ ಕೆಲಸ. ಆದರೆ ಪೇರಾಂಬ್ರ ಆಸ್ಪತ್ರೆಯಲ್ಲಿ ದುಡಿಯುವಾಗ ಲಿನಿಗೆ ಕಾಯಂ ನೌಕರಿ ಇರಲಿಲ್ಲ. ಇಲಾಖೆಯ ಕಾಯಂ ಹುದ್ದೆ ಆ ಮನೆಗೆ ಬಂದದ್ದು ಅವರು ಹೋದ ಮೇಲೆ.

ಕರ್ನಾಟಕದ ಸ್ಥಿತಿಯೂ ಬೇರೆಯಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು 2023ರ ಆರಂಭದಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೆಲಸ ಕಾಯಂ ಮಾಡಿ ಎಂದು ಧರಣಿ ಕೂತಿದ್ದರು, ಅವರಲ್ಲಿ ನರ್ಸುಗಳೂ ಇದ್ದರು. ಗುತ್ತಿಗೆಯವರಿಗೆ ಜ್ವರ ಬಂದರೆ ರಜೆ ಕೇಳಲೂ ಭಯ. ಮುಂದಿನ ವರ್ಷ ಗುತ್ತಿಗೆ ಮುಂದುವರಿಯದಿದ್ದರೆ ಎಂಬ ಆತಂಕ. ಜ್ವರ ಬಂದ ನರ್ಸ್ ರಜೆ ಹಾಕದೆ ಪಾಳಿಗೆ ಬಂದರೆ ಅಪಾಯ ಅವರೊಬ್ಬರಿಗಲ್ಲ, ಇಡೀ ವಾರ್ಡಿಗೆ.

ಮುನ್ನೆಚ್ಚರಿಕೆಗೆ ಬೆಲೆ ಇದೆ ಎಂಬುದಕ್ಕೆ ಕೇರಳವೇ ಸಾಕ್ಷಿ. 2023ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ಮತ್ತೆ ಕಾಣಿಸಿಕೊಂಡಾಗ ಖಚಿತವಾದ 6 ಪ್ರಕರಣಗಳಲ್ಲಿ ಸಾವು ಎರಡಕ್ಕೆ ನಿಂತಿತು. ಸೋಂಕು ತಗುಲಿದ ಆರೋಗ್ಯ ಕಾರ್ಯಕರ್ತರೊಬ್ಬರು ಗುಣವಾಗಿ ಮನೆಗೆ ಮರಳಿದರು. ಕಂಟೈನ್‌ಮೆಂಟ್ ವಲಯ, ಸಂಪರ್ಕಿತರ ಪತ್ತೆ, ಮಾಸ್ಕು, ಪ್ರತ್ಯೇಕ ವಾರ್ಡು ಎಲ್ಲವೂ ಆ ಸಲ ಬೇಗ ಶುರುವಾಗಿದ್ದವು.

ಗಡಿ ದಾಟಿದರೆ ದಕ್ಷಿಣ ಕನ್ನಡ, ಕೊಡಗು, ಮೈಸೂರು, ಚಾಮರಾಜನಗರ. ಅಲ್ಲಿನ ತಾಲ್ಲೂಕು ಆಸ್ಪತ್ರೆಗಳ ಜ್ವರದ ವಾರ್ಡಿನಲ್ಲಿ ರಾತ್ರಿ ಪಾಳಿಗೆ ನಿಲ್ಲುವವರಿಗೆ ಕಾಯಿಲೆಯ ಹೆಸರು ತಿಳಿಯುವ ಮೊದಲೇ ಎನ್95 ಮಾಸ್ಕು ಮತ್ತು ಗ್ಲೌಸು ಕೈಗೆ ಸಿಗಬೇಕು. ಒಬ್ಬರ ತಲೆ ಮೇಲೆ ಇಡೀ ವಾರ್ಡು ಬೀಳದಷ್ಟು ಜನ ಪಾಳಿಯಲ್ಲಿರಬೇಕು. ಗುತ್ತಿಗೆಯವರಾದರೂ ಕಾಯಿಲೆ ಬಿದ್ದ ದಿನದ ಸಂಬಳ ಕಡಿಯಬಾರದು, ವರ್ಷಗಟ್ಟಲೆ ದುಡಿದವರನ್ನು ಕಾಯಂ ಮಾಡಬೇಕು. ಇದಕ್ಕೆ ಹೊಸ ಯೋಜನೆಯ ಘೋಷಣೆ ಬೇಕಿಲ್ಲ; ಆರೋಗ್ಯ ಇಲಾಖೆ ಖಾಲಿ ಹುದ್ದೆಗಳನ್ನು ತುಂಬಿ, ಸಾಮಗ್ರಿಗೆ ಮುಂಚಿತವಾಗಿ ಹಣ ಬಿಡುಗಡೆ ಮಾಡಿದರೆ ಸಾಕು. ಮುಂದಿನ ನರ್ಸುಗಳ ದಿನದೊಳಗೆ ಆಗಬೇಕಾದ ಕೆಲಸ ಇಷ್ಟು.