ಬೆರಕೆ ಸೊಪ್ಪಿನ ಉಪ್ಪೆಸರು

ಈ ಸಲ ನಮ್ಮ ಮನೆಗೆ ಬಂದ ಅತಿಥಿಗೆ ಹನ್ನೊಂದು ವರ್ಷ. ಮೊಮ್ಮಗನ ಗೆಳೆಯ, ಬೆಂಗಳೂರಿನ ಹುಡುಗ. "ಅಜ್ಜೀ, ಇವನು ವೀಗನ್. ರಾತ್ರಿ ಊಟಕ್ಕೆ ಕರ್ಕೊಂಡು ಬರ್ತಿದೀವಿ" ಎಂದು ಮೊಮ್ಮಗ ದಾರಿಯಿಂದಲೇ ಫೋನು ಮಾಡಿದಾಗ ಸಂಜೆ ನಾಲ್ಕು ಗಂಟೆ.

ವೀಗನ್ ಎಂದರೆ ಮಾಂಸ, ಮೊಟ್ಟೆ ಅಷ್ಟೇ ಅಲ್ಲ. ಹಾಲು, ಮೊಸರು, ತುಪ್ಪ, ಜೇನುತುಪ್ಪವನ್ನೂ ಮುಟ್ಟದವರು. 1944ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಪದ ಇದು. ನಮ್ಮ ಯಜಮಾನರಿಗೆ ಇದನ್ನು ಹೇಳಿದರೆ ಅವರ ಮುಖ ಸಣ್ಣಗಾಯಿತು. "ಮನೆಗೆ ಬಂದ ಮಗುವಿಗೆ ಮುದ್ದೆಗೆ ತುಪ್ಪ ಹಾಕದೆ, ಕೊನೆಗೆ ಮಜ್ಜಿಗೆ ಬಡಿಸದೆ ಏಳಿಸೋದಾ? ಊರಲ್ಲಿ ಏನಂತಾರೆ?" ಎಂದರು. ಅವರ ಮಾತಿನಲ್ಲೂ ನ್ಯಾಯವಿತ್ತು. ಹೈನಿನ ಮನೆಯಲ್ಲಿ ಬೆಳೆದವರು ಅವರು.

ನನಗೆ ಚಿಂತೆಯಾದದ್ದು ತರಕಾರಿಯದು. ಸಂತೆ ಕಳೆದು ನಾಲ್ಕು ದಿನವಾಗಿತ್ತು. ಬುಟ್ಟಿಯಲ್ಲಿ ಉಳಿದಿದ್ದು ಈರುಳ್ಳಿ, ಬೆಳ್ಳುಳ್ಳಿ. ಆದರೆ ಶ್ರಾವಣದ ಮಳೆ ಚೆನ್ನಾಗಿ ಹಿಡಿದಿತ್ತು. ಮಾಗಡಿ ಕಡೆಯ ನಮ್ಮ ಹೊಲಗಳಲ್ಲಿ ರಾಗಿ ಪೈರು ಗೇಣುದ್ದ ಎದ್ದು, ಕಳೆ ತೆಗೆಯುವ ಹೊತ್ತು. ಆ ಕಳೆಯಲ್ಲೇ ನಮ್ಮ ಊಟವಿರುತ್ತದೆ. ಪಕ್ಕದ ಮನೆಯ ದೊಡ್ಡವ್ವನನ್ನು ಕರೆದೆ. ಎಂಬತ್ತು ದಾಟಿದೆ, ಕಣ್ಣು ಮಂಜು. ಕೈಗೆ ಸಿಕ್ಕ ಎಲೆಯನ್ನು ಉಜ್ಜಿ ಮೂಸಿ ಹೆಸರು ಹೇಳುತ್ತಾಳೆ. ಅರ್ಧ ಗಂಟೆಯಲ್ಲಿ ಮಡಿಲು ತುಂಬ ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು, ಬೇಲಿ ಸಾಲಿನ ಗಣಿಕೆ, ಬಚ್ಚಲ ಕಾಲುವೆಯಿಂದ ದೂರ ಬೆಳೆದಿದ್ದ ಹೊನಗೊನೆ. ಹಿತ್ತಲಿನ ನುಗ್ಗೆಯಿಂದ ಒಂದು ಹಿಡಿ. ಹೀಗೆ ಕಲಸಿದ್ದಕ್ಕೇ ಬೆರಕೆ ಸೊಪ್ಪು ಎನ್ನುವುದು.

"ಮೊದ್ಲು ಇಪ್ಪತ್ತು ತರ ಸಿಕ್ಕೋದು ಕಣವ್ವ. ಈಗ ಔಷಧಿ ಹೊಡೀತಾರೆ, ಎಲ್ಲಾ ಸುಟ್ಟೋಯ್ತದೆ" ಎಂದಳು. ಕಳೆನಾಶಕ ಹೊಡೆದ ಹೊಲಕ್ಕೆ ಅವಳು ಕಾಲಿಡುವುದಿಲ್ಲ. ರಾಮನಗರ, ಕನಕಪುರದ ಕಡೆ ಹಿಪ್ಪುನೇರಳೆ ತೋಟ ಇರುವವರು ಹುಳು ಸಾಯುತ್ತದೆಂದು ಕೀಟನಾಶಕಕ್ಕೆ ಹೆದರುತ್ತಾರೆ. ಮನುಷ್ಯನ ಊಟಕ್ಕೂ ಅಷ್ಟು ಹೆದರಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮಕ್ಕಳೇ, ಒಂದು ಮಾತು. ಗೊತ್ತಿರುವ ದೊಡ್ಡವರಿಲ್ಲದೆ ನೀವಾಗಿ ಸೊಪ್ಪು ಕೀಳಬೇಡಿ. ಗಣಿಕೆಯೂ ಉಮ್ಮತ್ತಿಯೂ ಬದನೆಯ ಕುಲದವೇ, ಒಂದೇ ಬೇಲಿಯಲ್ಲಿ ಬೆಳೆಯುತ್ತವೆ, ಉಮ್ಮತ್ತಿ ವಿಷ. ಗಣಿಕೆಯ ಹಣ್ಣೂ ಕಪ್ಪಗೆ ಮಾಗಿದ ಮೇಲಷ್ಟೇ ಬಾಯಿಗೆ, ಹಸಿರುಕಾಯಿ ಬೇಡ.

ಇನ್ನು ಅಡುಗೆ. ಎಸರು ಎಂದರೆ ಬೇಯಿಸಲು ಒಲೆಯ ಮೇಲಿಟ್ಟ ನೀರು. ಅದಕ್ಕೆ ಉಪ್ಪು ಸೇರಿ ಉಪ್ಪೆಸರು. ಆರು ಜನಕ್ಕೆ ಒಂದು ಲೋಟ ತೊಗರಿಬೇಳೆ, ಅರ್ಧ ಲೋಟ ಹೆಸರುಕಾಳು. ಹೆಸರುಕಾಳಿಗೆ ನೆನೆಸುವ ಕಾಟವಿಲ್ಲ, ಅದಕ್ಕೇ ಅದು. ಮುಕ್ಕಾಲು ಬೆಂದ ಮೇಲೆ ಮೂರ್ನಾಲ್ಕು ನೀರಿನಲ್ಲಿ ತೊಳೆದು ಹೆಚ್ಚಿದ ಸೊಪ್ಪು, ಉಪ್ಪು ಹಾಕಿ, ಮುಚ್ಚದೆ ಬೇಯಿಸಿದೆ. ಬೆಂದದ್ದನ್ನು ಬಸಿದರೆ ಕೆಳಗೆ ಹಸಿರು ಕಟ್ಟು, ಮೇಲೆ ಸೊಪ್ಪು-ಕಾಳು. ಸೊಪ್ಪು-ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿಯ ಒಗ್ಗರಣೆ, ಕಾಯಿತುರಿ: ಪಲ್ಯವಾಯಿತು. ಕಟ್ಟಿಗೆ ಏನೂ ಹಾಕುವುದಿಲ್ಲ. ಖಾರ ಬೇರೆ. ಕೆಂಡದಲ್ಲಿ ಸುಟ್ಟ ಏಳು ಒಣಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಒಂದು ಗೆಡ್ಡೆ ಬೆಳ್ಳುಳ್ಳಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಉಪ್ಪು. ಒರಳಲ್ಲಿ ರುಬ್ಬಿ ಗಟ್ಟಿಯಾಗಿಯೇ ಇಟ್ಟೆ. ತಟ್ಟೆಯಲ್ಲಿ ಅವರವರಿಗೆ ಬೇಕಾದಷ್ಟು ಕದಡಿಕೊಳ್ಳುವುದು. ಮಕ್ಕಳಿಗೆ ಇದೇ ಅನುಕೂಲ, ಯಾರ ಕಣ್ಣಲ್ಲೂ ನೀರು ಬರುವುದಿಲ್ಲ. ಇದೇ ಕಟ್ಟಿಗೆ ಕಾಯಿ-ಮಸಾಲೆ ರುಬ್ಬಿ ಹಾಕಿ ಕುದಿಸಿದರೆ ಬಸ್ಸಾರು. ಚಳಿಗಾಲದಲ್ಲಿ ಮಾಗಡಿಯ ಸೊಗಡವರೆ ಬಂದ ಮೇಲೆ ಅದರ ಕಥೆಯೇ ಬೇರೆ, ಆಗ ಹೇಳುತ್ತೇನೆ.

ಬಿಸಿ ಮುದ್ದೆಗೆ ತುಪ್ಪದ ಬದಲು ಹುಚ್ಚೆಳ್ಳಿನ ಚಟ್ನಿಪುಡಿ. ಕೊನೆಗೆ ಮಜ್ಜಿಗೆಯ ಜಾಗದಲ್ಲಿ ಹೆಸರುಬೇಳೆ ಪಾಯಸ: ಹುರಿದ ಬೇಳೆ, ಬೆಲ್ಲ, ಏಲಕ್ಕಿ, ಒಲೆ ಆರಿಸಿದ ಮೇಲೆ ಕಾಯಿಹಾಲು. ಕುದಿಯುವಾಗಲೇ ಹಾಕಿದರೆ ಒಡೆಯುತ್ತದೆ.

ಹುಡುಗ ಮುದ್ದೆಯನ್ನು ಅಗಿಯಲು ಹೊರಟ. ಮೊಮ್ಮಗ ನುಂಗುವುದನ್ನು ಕಲಿಸಿಕೊಟ್ಟ. ಎರಡನೇ ಮುದ್ದೆಯನ್ನು ಅವನೇ ಕೇಳಿದ. ಬೇರೆಯವರ ಮನೆಯಲ್ಲಿ ಏನನ್ನೂ ವಿಚಾರಿಸದೆ ಊಟ ಮಾಡಿದ್ದು ಇದೇ ಮೊದಲು ಎಂದಾಗ ಯಜಮಾನರು ಪಾಯಸದ ಪಾತ್ರೆಯನ್ನೇ ಅವನ ಮುಂದೆ ಇಟ್ಟರು. ಆಮೇಲೆ ಅವನದು ಪ್ರಶ್ನೆಗಳ ಮಳೆ. ರಾಮನಗರದ ರೇಷ್ಮೆ ಹುಳುವಿನದು, ಸರಿ. ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗೂ ಹುಳುವಿನದೇ ಎಂದು ಯಜಮಾನರು ಹೇಳಿದ್ದೇ ತಡ, ಕೈಯಲ್ಲಿದ್ದ ಬುಗುರಿಯನ್ನು ಮೆಲ್ಲಗೆ ಕೆಳಗಿಟ್ಟ. ತಿರುಗಿಸಲೂ ಆಸೆ, ಬಿಡಲೂ ಮನಸ್ಸಿಲ್ಲ.

ಅಜ್ಜ-ಅಜ್ಜಿಯರು ಕೇಳುವುದು ಒಂದೇ: ಹಾಲಿಲ್ಲದೆ ಮೂಳೆ ಗಟ್ಟಿಯಾದೀತೆ? 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯದೆಲ್ಲ ಮೈಗೆ ಹತ್ತುವುದಿಲ್ಲ, ಮೊಳಕೆ ಕಟ್ಟಿದರೆ ಹೆಚ್ಚು ಹತ್ತುತ್ತದೆ. ಆದರೆ ಬಿ12 ಎಂಬ ಜೀವಸತ್ವ ಸೊಪ್ಪು, ಕಾಳುಗಳಲ್ಲಿ ಸಿಗದು. ಹಾಲು ಪೂರ್ತಿ ಬಿಟ್ಟ, ಬೆಳೆಯುವ ಮಕ್ಕಳಿಗೆ ಅದನ್ನು ಹೇಗೆ ಕೊಡಬೇಕೆಂದು ಡಾಕ್ಟರನ್ನು ಕೇಳಲೇಬೇಕು. ಈ ಹುಡುಗನ ತಾಯಿ ಮಾತ್ರೆಯ ಪಟ್ಟಿ ಕಳಿಸಿದ್ದರು.

ಮೊಮ್ಮಗ ಈಗ ನೋಟ್‌ಬುಕ್ಕಿನಲ್ಲಿ ಎಲೆ ಒಣಗಿಸಿ ಅಂಟಿಸಿ, ದೊಡ್ಡವ್ವ ಹೇಳಿದ ಹೆಸರು ಬರೆಯುತ್ತಿದ್ದಾನೆ. ಹನ್ನೊಂದು ಆಗಿವೆ. ನಿಮ್ಮ ಊರಲ್ಲಿ ಅಣ್ಣೆ ಸೊಪ್ಪಿಗೆ, ಕನ್ನೆ ಸೊಪ್ಪಿಗೆ ಬೇರೆ ಹೆಸರಿದ್ದರೆ ಅಜ್ಜಿಯನ್ನು ಕೇಳಿ ಬರೆದು ಕಳಿಸಿ, ಅವನ ಪುಸ್ತಕಕ್ಕೆ ಸೇರಿಸುತ್ತೇವೆ.