ಎದುರಾಳಿಗೆ ಮಾತೇ ಕೊಡದ ವಾದ

ಪರಧರ್ಮವನ್ನು ಟೀಕಿಸುವುದೇ ತಪ್ಪು ಎಂಬುದು ನನ್ನ ವಾದವಲ್ಲ. ಹಳಗನ್ನಡ ಓದಿದ ಯಾರಿಗೂ ಹಾಗೆ ವಾದಿಸುವುದು ಕಷ್ಟ. 12ನೇ ಶತಮಾನದ ಜೈನ ಕವಿ ಬ್ರಹ್ಮಶಿವ ತನ್ನ ‘ಸಮಯಪರೀಕ್ಷೆ’ಯಲ್ಲಿ ಶೈವ, ವೈಷ್ಣವ ಎನ್ನದೆ ಉಳಿದ ಮತಗಳನ್ನೆಲ್ಲ ಗೇಲಿ ಮಾಡಿದವನು. ಅವನಲ್ಲಿ ನ್ಯಾಯಬುದ್ಧಿಯನ್ನು ಹುಡುಕಿದರೆ ನಿರಾಶೆಯೇ. ಆದರೂ ಅಂದಿನ ಜನರ ನಂಬಿಕೆ, ಆಚರಣೆಗಳನ್ನು ತಿಳಿಯಲು ವಿದ್ವಾಂಸರು ಇಂದಿಗೂ ಆ ಕೃತಿಯ ಕಡೆ ನೋಡುತ್ತಾರೆ. ಯಾಕೆಂದರೆ ತಾನು ಬೈಯುತ್ತಿರುವುದು ಏನನ್ನು ಎಂಬುದು ಅವನಿಗೆ ಗೊತ್ತಿತ್ತು. ಖಂಡನೆಯ ಸಾಹಿತ್ಯವನ್ನು ಅಳೆಯಲು ನಾನು ಇಟ್ಟುಕೊಂಡಿರುವ ಒರೆಗಲ್ಲು ಇದೊಂದೇ: ಓದಿ ಮುಗಿಸಿದ ಮೇಲೆ ಎದುರಾಳಿಯ ಬಗ್ಗೆ ನನಗೆ ಏನಾದರೂ ತಿಳಿಯಿತೇ?

ಅಮೆರಿಕದ ಇವ್ಯಾಂಜೆಲಿಕಲ್ ಕ್ರೈಸ್ತ ಕಾಮಿಕ್ಸ್‌ಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಹರಡಿದವು ಈ ಒರೆಗಲ್ಲಿನಲ್ಲಿ ಸೋಲುತ್ತವೆ. ಅವು ಕ್ಯಾಲಿಫೋರ್ನಿಯಾದ ಜ್ಯಾಕ್ ಚಿಕ್ (1924–2016) ಎಂಬಾತನ ಕರಪತ್ರಗಳು. ಅಂಗೈಯಷ್ಟು ಅಗಲ, ಇಪ್ಪತ್ತು ಚಿಲ್ಲರೆ ಪುಟ, ಕಪ್ಪು ಬಿಳುಪು ಚಿತ್ರ. ಬಸ್ ನಿಲ್ದಾಣದಲ್ಲಿ ಬಿಟ್ಟು ಹೋಗಲು, ಹ್ಯಾಲೋವೀನ್ ರಾತ್ರಿ ಮನೆಬಾಗಿಲಿಗೆ ಬಂದ ಮಕ್ಕಳಿಗೆ ಮಿಠಾಯಿಯ ಜೊತೆ ಕೊಡಲು ಹೇಳಿ ಮಾಡಿಸಿದ ಗಾತ್ರ. ಕಮ್ಯುನಿಸ್ಟ್ ಚೀನಾದಲ್ಲಿ ಕಾಮಿಕ್ಸ್ ಮೂಲಕ ಜನರ ಮನಸ್ಸನ್ನು ಗೆದ್ದರು ಎಂದು ಒಬ್ಬ ಮಿಷನರಿ ಹೇಳಿದ್ದೇ ತನಗೆ ಪ್ರೇರಣೆಯಾಯಿತು ಎಂದು ಚಿಕ್ ಹೇಳಿಕೊಂಡಿದ್ದ. ಅಂದರೆ ಆತ ಮಾದರಿಗಾಗಿ ನೋಡಿದ್ದು ಪ್ರಚಾರದ ಕಡೆಗೆ.

1994ರ ‘ಅಲ್ಲಾ ಹ್ಯಾಡ್ ನೋ ಸನ್’ ನೋಡಿ. ನಮಾಜು ಮಾಡುವವರನ್ನು ಕಂಡ ಹುಡುಗನಿಗೆ ಅಪ್ಪ, ಇವರು ಪೂಜಿಸುವುದು ಚಂದ್ರದೇವನನ್ನು ಎಂದು ವಿವರಿಸುತ್ತಾನೆ. ಕೇಳಿಸಿಕೊಂಡ ಮುಸ್ಲಿಮನೊಬ್ಬ ಕೆರಳುತ್ತಾನೆ, ಕೆಲವೇ ಪುಟಗಳಲ್ಲಿ ಸೋಲುತ್ತಾನೆ, ಕೊನೆಗೆ ಕ್ರೈಸ್ತನಾಗುತ್ತಾನೆ. ನಿಜವಾದ ಮುಸ್ಲಿಂ ಹುಡುಗನೊಬ್ಬ ಅಲ್ಲಿದ್ದಿದ್ದರೆ ಮೊದಲ ಪುಟದಲ್ಲೇ ಕಥೆ ನಿಲ್ಲುತ್ತಿತ್ತು. ಸೂರ್ಯನಿಗೂ ಚಂದ್ರನಿಗೂ ಎರಗಬಾರದು, ಅವನ್ನು ಸೃಷ್ಟಿಸಿದವನಿಗೆ ಎರಗಬೇಕು ಎಂಬ ಆದೇಶ ಕುರಾನಿನ 41ನೇ ಅಧ್ಯಾಯದಲ್ಲೇ ಇದೆ. ಅರಬ್ಬಿ ಮಾತಾಡುವ ಕ್ರೈಸ್ತರೂ ದೇವರನ್ನು ಅಲ್ಲಾ ಎಂದೇ ಕರೆಯುತ್ತಾರೆ, ಅವರ ಬೈಬಲಿನಲ್ಲೂ ಅದೇ ಪದ. ಕನ್ನಡದ ಓದುಗರಿಗೆ ಇದರಲ್ಲಿ ಬೆರಗೇನಿಲ್ಲ. ನಮ್ಮ ಬೈಬಲಿನ ‘ದೇವರು’ ಎಂಬ ಪದ ಗುಡಿಯಲ್ಲೂ ಬಸದಿಯಲ್ಲೂ ಓಡಾಡಿದ ಪದವೇ ಅಲ್ಲವೇ?

ಕ್ಯಾಥೊಲಿಕರ ಪಾಡು ಇನ್ನೂ ಕೆಟ್ಟದು. 1988ರ ‘ದ ಡೆತ್ ಕುಕೀ’ ಅವರ ಪೂಜೆಯ ಪರಮಪ್ರಸಾದವನ್ನು ಜನರನ್ನು ಗುಲಾಮರಾಗಿಸಲು ಹೂಡಿದ ಸೈತಾನನ ತಂತ್ರವೆನ್ನುತ್ತದೆ. ಆ ರೊಟ್ಟಿಯ ಮೇಲೆ ಕಾಣುವ ಐಎಚ್‌ಎಸ್ ಎಂಬ ಅಕ್ಷರಗಳು ಐಸಿಸ್, ಹೋರಸ್, ಸೆಬ್ ಎಂಬ ಈಜಿಪ್ಟಿನ ದೇವತೆಗಳ ಹೆಸರಂತೆ. ಅವು ಗ್ರೀಕ್ ಭಾಷೆಯಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರಗಳು. ಯೇಸುವಿನ ಹೆಸರನ್ನೇ ಗುರುತಿಸಲಾಗದೆ ಯೇಸುವಿನ ಪರವಾಗಿ ಯುದ್ಧಕ್ಕೆ ಹೊರಟವರು ಇವರು! ‘ದ ಕ್ರುಸೇಡರ್ಸ್’ ಎಂಬ ವರ್ಣಮಯ ಸಾಹಸಮಾಲೆಯಲ್ಲಿ ಬಂದ ‘ದ ಪ್ರಾಫೆಟ್’ (1988) ಇಸ್ಲಾಂ ಹುಟ್ಟಿದ್ದೇ ವ್ಯಾಟಿಕನ್ನಿನ ಪಿತೂರಿಯಿಂದ ಎನ್ನುತ್ತದೆ. ಅದಕ್ಕೆ ಆಧಾರ ಮಾಜಿ ಜೆಸ್ವಿಟ್ ಎಂದು ಹೇಳಿಕೊಂಡ ಆಲ್ಬರ್ಟೊ ರಿವೇರಾನ ಮಾತು. ಆತನ ಕಥೆ ಪೊಳ್ಳು ಎಂದು 1981ರಲ್ಲೇ ಬಯಲಿಗೆಳೆದದ್ದು ಇವ್ಯಾಂಜೆಲಿಕಲ್ ಪತ್ರಿಕೆಯಾದ ‘ಕ್ರಿಶ್ಚಿಯಾನಿಟಿ ಟುಡೇ’. ಹಾಗಾಗಿ ಈ ಅಜ್ಞಾನವನ್ನು ಇವ್ಯಾಂಜೆಲಿಕಲ್ ಕ್ರೈಸ್ತರೆಲ್ಲರ ತಲೆಗೆ ಕಟ್ಟುವುದೂ ತಪ್ಪು.

ಹಿಂದೂ ಧರ್ಮದ ಮೇಲೂ ಚಿಕ್‌ನ ಕರಪತ್ರವಿದೆ. ಅದನ್ನೇ ಮೊದಲು ತೆರೆದು ಸಿಟ್ಟಾಗುವುದು ನಮಗೆ ಸುಲಭ. ಬೇರೆಯವರಿಗೆ ಆದ ಅನ್ಯಾಯದಲ್ಲಿ ನಮ್ಮ ಸಿಟ್ಟು ಅಡ್ಡ ಬರುವುದಿಲ್ಲ, ವಿಧಾನ ನಿಚ್ಚಳವಾಗಿ ಕಾಣುತ್ತದೆ. ಅದಕ್ಕೇ ನಾನು ಆ ಎರಡನ್ನು ಆರಿಸಿಕೊಂಡೆ.

ಆ ವಿಧಾನಕ್ಕೆ ಕಾಮಿಕ್ಸ್ ಬಹಳ ಒಗ್ಗುತ್ತದೆ. ಎದುರಾಳಿ ಯಾವಾಗ ಬಾಯಿ ತೆರೆಯಬೇಕು, ಎಷ್ಟು ಮಾತಾಡಬೇಕು ಎಂಬುದನ್ನು ಗುಳ್ಳೆಯ ಗಾತ್ರವೇ ತೀರ್ಮಾನಿಸುತ್ತದೆ. ಅನ್ಯಧರ್ಮೀಯನ ಮುಖದಲ್ಲಿ ಬೆವರು, ಹಿಂದೆ ಹಲ್ಲು ಕಿರಿಯುವ ದೆವ್ವ. ನಂಬಿದವನ ಮುಖದಲ್ಲಿ ಮಾತ್ರ ಶಾಂತಿ. ಮಾತಿನ ವಾದಕ್ಕಾದರೆ ಓದುಗ ಮರುವಾದ ಹೂಡಬಹುದು. ಬೆವರಿಗೆ ಏನೆಂದು ಉತ್ತರ ಕೊಡುವುದು? ‘ಕ್ರುಸೇಡರ್ಸ್’ ಮಾಲೆಯ ಚಿತ್ರಕಾರ ಫ್ರೆಡ್ ಕಾರ್ಟರ್ ನಿಜಕ್ಕೂ ಸಮರ್ಥ ಕಲಾವಿದ. ಅಪಾಯ ಇರುವುದೇ ಆ ಸಾಮರ್ಥ್ಯದಲ್ಲಿ.

ಇದನ್ನೆಲ್ಲ ಯಾರು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ, ಈಗ ಇವು ಸಂಗ್ರಾಹಕರ ಮೋಜಿನ ವಸ್ತು ಎನ್ನುವವರಿದ್ದಾರೆ. ನಲವತ್ತರ ಸಂಗ್ರಾಹಕನಿಗೆ ಮೋಜು ಸರಿ. ಮುಸ್ಲಿಂ ಸಹಪಾಠಿಯ ಪರಿಚಯವಾಗುವ ಮೊದಲೇ ಅವನ ದೇವರ ಬಗ್ಗೆ ಸುಳ್ಳು ಕಲಿತ ಹದಿನಾಲ್ಕರ ಹುಡುಗ ಸಂಗ್ರಾಹಕನಲ್ಲ. ಇನ್ನು ಕೆಲವರು, ನರಕದಿಂದ ಉಳಿಸಬೇಕೆಂಬ ಪ್ರೀತಿಯಿಂದ ಬರೆದದ್ದಲ್ಲವೇ ಎನ್ನುತ್ತಾರೆ. ಪ್ರೀತಿ ಇದ್ದೀತು. ಆದರೆ ಉಳಿಸಲು ಹೊರಟವನ ನಂಬಿಕೆ ಏನೆಂದು ಒಂದು ಮಾತು ವಿಚಾರಿಸದ ಪ್ರೀತಿಯನ್ನು ನಾನು ನಂಬಲಾರೆ.

ಇವನ್ನು ನಿಷೇಧಿಸಿ ಎಂದು ನಾನು ಕೇಳುವುದಿಲ್ಲ. ನಿಷೇಧ ಕೇಳುವ ಗಂಟಲುಗಳು ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿವೆ. ಅಂಥವರ ಕೈಗೆ ಈ ಕಾಮಿಕ್ಸ್ ಸಿಕ್ಕರೆ ಏನಾಗುತ್ತದೆ ಎಂಬುದೇ ನನ್ನ ಚಿಂತೆ. ನೋಡಿ, ಕ್ರೈಸ್ತರು ಹೀಗೆ ಎಂದು ಪುಟ ತೋರಿಸುತ್ತಾರೆ. ಮಂಗಳೂರಿನ ಕ್ಯಾಥೊಲಿಕ್ ಕುಟುಂಬವೊಂದು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ, ಅದೇ ಪುಟಗಳಲ್ಲಿ ಸೈತಾನನ ಬಂಟರೆಂದು ಬೈಸಿಕೊಂಡಿರುವವರು ಅವರೇ ಆಗಿದ್ದರೂ. ನೆರೆಯವನನ್ನು ಏನೂ ಕೇಳದೆ ಅವನ ಗುಳ್ಳೆಯನ್ನು ತಾವೇ ತುಂಬುವುದು ಚಿಕ್‌ನ ಕಸುಬು. ಅವನ ವಿರುದ್ಧ ಹೊರಟವರೂ ಅದೇ ಕಸುಬು ಹಿಡಿದರೆ ಗೆದ್ದವನು ಚಿಕ್‌ನೇ.